ಕಿಸೆ ಮರೆತ ಪ್ರಯಾಣಿಕರು

ವಿಮಾನ ಹತ್ತುವವರಿಗೆ ಬುದ್ಧಿ ಹೇಳುವವರು ಈಗ ಬಹಳ. ಯೂಟ್ಯೂಬಿನಲ್ಲಿ, ವಾಟ್ಸಾಪಿನಲ್ಲಿ, ಕೊಪ್ಪಿಕರ್ ರಸ್ತೆಯ ಬ್ಯಾಗಿನ ಅಂಗಡಿಯಲ್ಲಿ, ಅಮೆರಿಕದಿಂದ ಫೋನು ಹಚ್ಚುವ ಮಗಳ ಬಾಯಲ್ಲಿ, ಎಲ್ಲೆಡೆ ಒಂದೇ ಉಪದೇಶ: ಸಣ್ಣಪುಟ್ಟ ಸಾಮಾನನ್ನು ಜಾತಿವಾರು ವಿಂಗಡಿಸಿ, ಒಂದೊಂದು ಜಾತಿಗೆ ಒಂದೊಂದು ಪೌಚು ಕೊಡಿ, ಪೌಚುಗಳನ್ನೆಲ್ಲ ಕ್ಯಾಬಿನ್ ಬ್ಯಾಗಿನಲ್ಲಿ ಒತ್ತೊತ್ತಾಗಿ ಜೋಡಿಸಿ. ವಯರುಗಳಿಗೊಂದು, ಗುಳಿಗೆಗೊಂದು, ಹಲ್ಲುಜ್ಜುವ ಸಾಮಾನಿಗೊಂದು, ಕಾಗದಪತ್ರಕ್ಕೊಂದು, ಮೇಕಪ್ಪಿಗೊಂದು. ಹೀಗೆ ಮಾಡಿದವರು ಜಾಣ ಪ್ರಯಾಣಿಕರು, ಮಾಡದವರು ಹಳ್ಳಿಗಮಾರರು. ಇದನ್ನು ಶಿಸ್ತು ಎಂದು ಕರೆಯುವ ರೂಢಿ ಬಿದ್ದಿದೆ. ನನಗೆ ಇದರಲ್ಲಿ ಶಿಸ್ತು ಕಾಣುವುದಿಲ್ಲ. ಮನೆಯಲ್ಲಿ ಮಂಚದ ಮೇಲೆ ಹರಡಿ ಫೋಟೊ ತೆಗೆದರೆ ಚೆಂದ ಕಾಣುವ, ವಿಮಾನ ನಿಲ್ದಾಣದಲ್ಲಿ ಮಾತ್ರ ಕೈಕೊಡುವ ಒಂದು ಪದ್ಧತಿ ಇದು. ಹುಬ್ಬಳ್ಳಿಯಿಂದ ಹೊರಡುವ ವಿಮಾನಕ್ಕಂತೂ ಸುತರಾಂ ಹೊಂದುವುದಿಲ್ಲ.

ಇದರ ಬೇರು ಇರುವುದು ಮನೆಯೊಳಗೆ. ಜಪಾನಿನ ಮರೀ ಕೊಂಡೊ ಬರೆದ ಅಚ್ಚುಕಟ್ಟಿನ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಊರೂರಿನ ಕಪಾಟುಗಳು ಖಾಲಿಯಾಗಿ ಮತ್ತೆ ತುಂಬಿದವು. ಕೋಣೆವಾರು ಬೇಡ, ವರ್ಗವಾರು ಜೋಡಿಸಿ ಎಂಬುದು ಆಕೆಯ ಮುಖ್ಯ ಸೂತ್ರ: ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದ, ಸಣ್ಣಪುಟ್ಟ ಸಾಮಾನು, ಕಟ್ಟಕಡೆಗೆ ನೆನಪಿನ ವಸ್ತು. ಮನೆಗೆ ಇದು ಒಪ್ಪುವ ಮಾತೇ. ಮಾಳಮಡ್ಡಿಯ ಹಳೆ ಮನೆಯ ಅಟ್ಟ ಖಾಲಿ ಮಾಡುವವರಿಗೆ ನಾನೂ ಅದನ್ನೇ ಹೇಳೇನು. ಆದರೆ ಮನೆಯಲ್ಲಿ ಯಾವ ವಸ್ತು ಯಾವಾಗ ಬೇಕು ಎಂಬುದು ನಮ್ಮ ಮರ್ಜಿ. ಪ್ರಯಾಣದಲ್ಲಿ ಅದನ್ನು ನಿರ್ಧರಿಸುವವರು ಬೇರೆ. ಟರ್ಮಿನಲ್ಲಿನ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಟಿಕೆಟ್ಟೂ ಗುರುತಿನ ಚೀಟಿಯೂ ಈಗಲೇ ಬೇಕು. ತಪಾಸಣೆಯವರಿಗೆ ಫೋನು, ಪವರ್ ಬ್ಯಾಂಕು, ಲ್ಯಾಪ್‌ಟಾಪು ಒಟ್ಟಿಗೇ ಬೇಕು. ಸೀಟ್‌ಬೆಲ್ಟಿನ ದೀಪ ಹತ್ತಿದರೆ ಚಾಳೀಸು ತಲೆಮೇಲಿನ ಗೂಡಿನಲ್ಲಿದ್ದರೂ ಒಂದೇ, ಧಾರವಾಡದಲ್ಲಿದ್ದರೂ ಒಂದೇ. ಹೀಗಿರುವಾಗ ಸಾಮಾನನ್ನು ಅದರ ಜಾತಿ ನೋಡಿ ಜೋಡಿಸುವುದೇಕೆ? ಅದು ಬೇಕಾಗುವ ಹೊತ್ತು ನೋಡಿ ಜೋಡಿಸಬೇಕು. ನನ್ನ ವಾದವೆಲ್ಲ ಇಷ್ಟೇ.

ಹುಬ್ಬಳ್ಳಿಗೆ ವಿಮಾನ ನಿನ್ನೆ ಮೊನ್ನೆ ಬಂದದ್ದಲ್ಲ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಅದು ಮೊದಮೊದಲು ಮುಟ್ಟಿದ ಊರುಗಳಲ್ಲಿ ನಮ್ಮದೂ ಒಂದು. ಆಗ ಹತ್ತಿದವರು ಒಂದು ಸೂಟ್‌ಕೇಸು, ಒಂದು ಕೈಚೀಲ ಹಿಡಿದು ಹತ್ತಿದರು, ಇಳಿದರು. ಗೋಕುಲ ರಸ್ತೆಯ ಹೊಸ ಟರ್ಮಿನಲ್ ತೆರೆದದ್ದು 2017ರ ಡಿಸೆಂಬರಿನಲ್ಲಿ. ಮರುವರ್ಷ ಉಡಾನ್ ಯೋಜನೆಯಡಿ ವಿಮಾನಗಳು ಒಂದರ ಹಿಂದೊಂದು ಬಂದವು. ಪೌಚಿನ ಹುಚ್ಚು ಹತ್ತಿದ್ದು ಆಮೇಲೆ. ಉಪದೇಶ ಮಾತ್ರ ದೊಡ್ಡ ಊರಿನ ದೊಡ್ಡ ಜೆಟ್ಟುಗಳಿಗಾಗಿ ಹುಟ್ಟಿದ್ದು. ಬೆಂಗಳೂರಿನ ದಾರಿಯಲ್ಲಿ ನಮ್ಮವರು ಹೆಚ್ಚಾಗಿ ಕಂಡದ್ದು ಎಟಿಆರ್ 72. ಎರಡು ಪಂಖಾಗಳ ವಿಮಾನ, 78 ಸೀಟು, ಈಚೆಗೆರಡು ಆಚೆಗೆರಡು. ಹತ್ತುವುದು ಹಿಂಬಾಗಿಲಿನಿಂದ, ಮುಂದೆ ಪೈಲಟ್ಟಿಗೂ ಪ್ರಯಾಣಿಕರಿಗೂ ನಡುವೆ ಇರುವುದು ಸಾಮಾನಿನ ಕೋಣೆ. 2019ರಲ್ಲಿ ಸ್ಟಾರ್ ಏರ್ ತಂದ ಎಂಬ್ರಾಯರ್ 145 ಇನ್ನೂ ಸಪೂರ: ಒಂದು ಬದಿ ಒಂದೇ ಸೀಟು, ಇನ್ನೊಂದು ಬದಿ ಎರಡು, ಒಟ್ಟು ಐವತ್ತು. ಇಂಥ ವಿಮಾನಗಳ ತಲೆಮೇಲಿನ ಗೂಡು ಚಿಕ್ಕದು. ಯೂಟ್ಯೂಬು ನೋಡಿ ಕೊಂಡ ಗಟ್ಟಿ ಟ್ರಾಲಿ ಅದರಲ್ಲಿ ಕೂಡುವುದಿಲ್ಲ. ಹಾಗಾಗಿ ಎಷ್ಟೋ ಸಲ ವಿಮಾನದ ಬುಡದಲ್ಲೇ ಟ್ರಾಲಿ ಇಸಿದುಕೊಂಡು, ಚೀಟಿ ಕಟ್ಟಿ, ಸಾಮಾನಿನ ಕೋಣೆಗೆ ಕಳಿಸುತ್ತಾರೆ.

ಜಾತಿವಾರು ವಿಂಗಡಣೆಯ ಬಣ್ಣ ಬಯಲಾಗುವುದು ಇಲ್ಲಿ. ಆಷಾಢದ ಗಾಳಿ ಬೀಸುತ್ತಿದೆ, ಹಿಂದೆ ಸಾಲು ನಿಂತಿದೆ, ಸಿಬ್ಬಂದಿ ಹೇಳುತ್ತಾರೆ: ಪವರ್ ಬ್ಯಾಂಕು, ಔಷಧ, ಬೆಲೆಬಾಳುವ ವಸ್ತು ಇದ್ದರೆ ತಗೊಳ್ರಿ. ಪ್ರಯಾಣಿಕರು ಡಾಂಬರಿನ ಮೇಲೆ ಮೊಣಕಾಲೂರಿ ಟ್ರಾಲಿ ತೆರೆಯುತ್ತಾರೆ. ಪವರ್ ಬ್ಯಾಂಕು ವಯರಿನ ಪೌಚಿನಲ್ಲಿದೆ. ಬಿ.ಪಿ. ಗುಳಿಗೆ ಔಷಧದ ಪೌಚಿನಲ್ಲಿ, ಅಮೃತಾಂಜನ ಮತ್ತು ಬ್ಯಾಂಡೇಜಿನ ಕೆಳಗೆ. ಮದುವೆಗೆಂದು ಒಯ್ಯುತ್ತಿರುವ ಬೋರಮಾಳ ಮೇಕಪ್ಪಿನ ಪೌಚಿನಲ್ಲಿ, ಕಳ್ಳರಿಗೆ ಅನುಮಾನ ಬರಬಾರದೆಂದು. ಮನೆಯ ಕೀಲಿಕೈ ಎಲ್ಲಿದೆಯೋ ದೇವರೇ ಬಲ್ಲ, ಏಕೆಂದರೆ ಕೀಲಿಕೈಗೆ ಜಾತಿಯಿಲ್ಲ. ತಮ್ಮಿಂದ ಅಗಲಬಾರದ ನಾಲ್ಕೇ ನಾಲ್ಕು ವಸ್ತುಗಳು ನಾಲ್ಕು ಕಡೆ ಹಂಚಿಹೋಗಿವೆ. ಅಚ್ಚುಕಟ್ಟಾಗಿ ಹಂಚಿಹೋಗಿವೆ, ಅದೇ ಕಷ್ಟ. ಒಂದೇ ಒಂದು ಚೀಲದಲ್ಲಿ ಎಲ್ಲವನ್ನೂ ತುರುಕಿಕೊಂಡು ಬಂದ ಕುಂದಗೋಳದ ಹಿರಿಯರು ಅಷ್ಟರಲ್ಲಿ ಹತ್ತಿ ಕೂತಾಗಿರುತ್ತದೆ.

ಪವರ್ ಬ್ಯಾಂಕಿನ ಮಾತು ಬಂತು, ಅದನ್ನು ಪೂರ್ತಿ ಆಡಿಬಿಡುತ್ತೇನೆ. ಬಿಡಿ ಲಿಥಿಯಂ ಬ್ಯಾಟರಿ ಸಾಮಾನಿನ ಕೋಣೆಗೆ ಹೋಗಕೂಡದು, ಅಲ್ಲಿ ಹೊತ್ತಿದರೆ ಆರಿಸುವ ಕೈಯಿಲ್ಲ. ನೂರು ವಾಟ್-ಅವರ್ ಒಳಗಿನದನ್ನು ಕ್ಯಾಬಿನ್ನಿನಲ್ಲಿ ಒಯ್ಯಬಹುದು. ಅಂಗಡಿಯಲ್ಲಿ ಸಿಗುವ 20,000 ಎಂಎಎಚ್‌ನದು 3.7 ವೋಲ್ಟಿನ ಲೆಕ್ಕದಲ್ಲಿ 74 ವಾಟ್-ಅವರ್ ಆಗುತ್ತದೆ, ಅಡ್ಡಿಯಿಲ್ಲ. ಆದರೆ ಕ್ಯಾಬಿನ್ ಅಂದರೆ ತಲೆಮೇಲಿನ ಗೂಡು ಎಂದು ತಿಳಿಯುವುದು ತಪ್ಪು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹಾರುವ ಮೊದಲೇ ಹೊತ್ತಿ ಉರಿಯಿತು. ಬೆಂಕಿ ಕಾಣಿಸಿದ್ದು ತಲೆಮೇಲಿನ ಗೂಡಿನಲ್ಲಿ. ಪವರ್ ಬ್ಯಾಂಕೇ ಕಾರಣವಿರಬಹುದು ಎಂದು ತನಿಖೆ ಹೇಳಿತು. ಒಳಗಿದ್ದ 176 ಜನರೂ ಪಾರಾದರು. ಮಾರ್ಚಿನಿಂದ ಕೊರಿಯಾ ಪವರ್ ಬ್ಯಾಂಕನ್ನು ಗೂಡಿನಲ್ಲಿ ಇಡುವುದನ್ನೇ ನಿಷೇಧಿಸಿತು: ಕೈಯಲ್ಲಿರಲಿ, ಇಲ್ಲವೇ ಎದುರು ಸೀಟಿನ ಜೇಬಿನಲ್ಲಿ, ಕಣ್ಣಿಗೆ ಕಾಣುವಂತೆ. ನಮ್ಮ ಜಾಣ ಪ್ರಯಾಣಿಕರು ಅದನ್ನು ವಯರಿನ ಪೌಚಿನಲ್ಲಿ ಸುತ್ತಿ, ಜಿಪ್ಪು ಎಳೆದು, ಬಟ್ಟೆಯ ನಡುವೆ ಇಟ್ಟು, ಗೂಡಿಗೆ ಏರಿಸುತ್ತಾರೆ. ಬಿಸಿಯಾದರೆ ತಿಳಿಯುವುದು ಹೊಗೆ ಬಂದ ಮೇಲೆ.

ಇನ್ನೊಂದು ಘಟನೆ ಇದಕ್ಕಿಂತ ದೊಡ್ಡದು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಅಪ್ಪಳಿಸಿತು. ಉರಿಯುವ ಜೆಟ್ಟಿನಿಂದ 379 ಜನರೂ ಜೀವಂತ ಹೊರಬಂದರು. ಕೈಚೀಲಗಳನ್ನು ಅಲ್ಲೇ ಬಿಟ್ಟದ್ದು ಅದಕ್ಕೊಂದು ಕಾರಣವೆಂದು ಜಗತ್ತೆಲ್ಲ ಮೆಚ್ಚಿಕೊಂಡಿತು. ಹಾಗೆ ಬಿಟ್ಟು ಇಳಿದವರ ಹತ್ತಿರ ಏನು ಉಳಿದಿರುತ್ತದೆ? ಕಿಸೆಯಲ್ಲಿದ್ದದ್ದು. ಪಾಸ್‌ಪೋರ್ಟು ಕಿಸೆಯಲ್ಲಿದ್ದವರು ಪಾಸ್‌ಪೋರ್ಟಿನ ಸಮೇತ ಇಳಿಯುತ್ತಾರೆ. ಆರ್ಗನೈಸರ್‌ನಲ್ಲಿ ಇಟ್ಟವರ ಪಾಸ್‌ಪೋರ್ಟು ಆರ್ಗನೈಸರ್ ಜೊತೆಗೇ ಉರಿಯುತ್ತದೆ. ಇಂಥದ್ದು ನಿತ್ಯ ನಡೆಯುವುದಿಲ್ಲ, ನಿಜ. ಆದರೆ ಸೀಟಿನಡಿಯ ಲೈಫ್ ಜಾಕೆಟ್ಟೂ ನಿತ್ಯ ಬೇಕಾಗುವುದಿಲ್ಲ.

ತಪಾಸಣೆಯ ಪಟ್ಟಿಯ ಹತ್ತಿರ ಬನ್ನಿ. ಎಕ್ಸ್-ರೇ ಪರದೆಯ ಮೇಲೆ ಬಟ್ಟೆ, ಕಾಗದ, ತಿಂಡಿ ಕಿತ್ತಳೆ ಬಣ್ಣದಲ್ಲಿ, ಲೋಹ ನೀಲಿಯಲ್ಲಿ, ನಡುವಿನವು ಹಸಿರಿನಲ್ಲಿ ಕಾಣುತ್ತವೆ. ಒಂದರ ಮೇಲೊಂದು ಬಿದ್ದು ದಟ್ಟವಾದಷ್ಟೂ ಚಿತ್ರ ಕಪ್ಪಾಗುತ್ತದೆ. ಚಾರ್ಜರು, ಅಡಾಪ್ಟರು, ಮೂರು ವಯರು, ಪವರ್ ಬ್ಯಾಂಕು, ಇಯರ್‌ಫೋನು, ಇಷ್ಟನ್ನೂ ಅಂಗೈಯಗಲದ ಪೌಚಿನಲ್ಲಿ ಬಿಗಿದರೆ ಪರದೆಯ ಮುಂದೆ ಕೂತವರಿಗೆ ಕಾಣುವುದು ವಯರು ಸುತ್ತಿದ ಒಂದು ಕಪ್ಪು ಗಡ್ಡೆ. ಅವರು ಬ್ಯಾಗನ್ನು ಪಕ್ಕಕ್ಕೆ ತಳ್ಳದೆ ಇನ್ನೇನು ಮಾಡಬೇಕು? "ಇದೇನೈತ್ರಿ? ತೆಗೀರಿ. ಇದನ್ನೂ ಬಿಚ್ಚರಿ." ಒಂದು ಪೌಚು ಬಿಚ್ಚಿದರೆ ಮುಗಿಯುವುದಿಲ್ಲ, ಅದರೊಳಗೆ ಜಾಳಿಗೆಯ ಇನ್ನೊಂದು ಕಿಸೆ, ಅದಕ್ಕೊಂದು ಜಿಪ್ಪು. ಹೀಗೆ ಬಿಚ್ಚಿದ್ದನ್ನು ಮತ್ತೆ ಕಟ್ಟುವಾಗಲೇ ಬೆಲ್ಟು, ಗಡಿಯಾರ, ಒಂದು ಇಯರ್‌ಫೋನು ಟ್ರೇಯಲ್ಲಿ ಉಳಿಯುವುದು. ಪೌಚಿದ್ದರೆ ಏನೂ ಮರೆಯುವುದಿಲ್ಲ ಎನ್ನುವವರು ಹೊರಡುವಾಗಿನ ಮರೆವನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ದಾರಿಯಲ್ಲಿ ಎಷ್ಟು ಸಲ ಬಿಚ್ಚಬೇಕಾಗುತ್ತದೋ ಅಷ್ಟು ಸಲ ಮರೆಯಲು ಅವಕಾಶ ಎಂಬುದನ್ನು ಬಿಡುತ್ತಾರೆ.

ತೂಕದ ಮಾತನ್ನು ಬೇಗ ಮುಗಿಸೋಣ. ದೇಶದೊಳಗೆ ಕ್ಯಾಬಿನ್ ಬ್ಯಾಗಿಗೆ ಸಾಮಾನ್ಯವಾಗಿ ಏಳು ಕೆಜಿ. ಗಾಲಿಯ ಗಟ್ಟಿ ಟ್ರಾಲಿಯೇ ಎರಡೂವರೆ ಮೂರು ಕೆಜಿ ತಿನ್ನುತ್ತದೆ. ಉಳಿದ ನಾಲ್ಕರಲ್ಲಿ ಪೌಚುಗಳ ಬಟ್ಟೆ, ಜಿಪ್ಪು, ಸ್ಪಂಜಿನ ಗೋಡೆಗಳಿಗೂ ಪಾಲು. ಇನ್ನು ಒಬ್ಬರಿಗೆ ಒಂದೇ ಕೈಚೀಲ ಎಂಬ ನಿಯಮ ಬಿಸಿಎಎಸ್ ಎಂಬ ಭದ್ರತಾ ಬ್ಯೂರೊ 2000ದಷ್ಟು ಹಿಂದೆಯೇ ಹೊರಡಿಸಿದ್ದು. 2022ರ ಜನವರಿಯಲ್ಲಿ ಅದನ್ನು ಮತ್ತೆ ಬಿಗಿ ಮಾಡಲು ಹೇಳಿದರು. ಆ ನಿಯಮ ವಿನಾಯಿತಿ ಕೊಟ್ಟ ಪಟ್ಟಿ ಓದಿದರೆ ಮಜಾ ಇದೆ: ಹೆಂಗಸರ ಕೈಚೀಲ, ಕೋಟು, ಕ್ಯಾಮೆರಾ, ಓದುವ ಪುಸ್ತಕ, ಛತ್ರಿ, ಊರುಗೋಲು, ಕೂಸಿನ ಹಾಲು. ಎಲ್ಲವೂ ದಾರಿಯಲ್ಲಿ ಕೈಗೆ ಬೇಕಾಗುವ ವಸ್ತುಗಳೇ. ಆ ಪಟ್ಟಿ ಬರೆದ ಅಧಿಕಾರಿಗೆ ನಮ್ಮ ಯೂಟ್ಯೂಬಿಗರಿಗಿಂತ ಪ್ರಯಾಣ ಹೆಚ್ಚು ಗೊತ್ತಿತ್ತು.

ನೂರು ಮಿಲಿಲೀಟರಿನ ಪುಟ್ಟ ಬಾಟಲಿಗಳ ಗೀಳೂ ಹೊರಗಿನಿಂದ ಬಂದದ್ದೇ. 2006ರಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವಸ್ಫೋಟಕದಿಂದ ಉರುಳಿಸುವ ಸಂಚು ಬಯಲಾದ ಮೇಲೆ ಹುಟ್ಟಿದ ಕಟ್ಟಳೆ ಅದು, ನಮ್ಮಲ್ಲಿ ಮುಖ್ಯವಾಗಿ ವಿದೇಶಿ ವಿಮಾನಗಳಿಗೆ ಅನ್ವಯ. ಬೆಂಗಳೂರಿಗೆ ಒಂದು ದಿನದ ಕೋರ್ಟು ಕೆಲಸಕ್ಕೆ ಹೋಗುವವರು ಶಾಂಪೂವನ್ನು ಸಿರಿಂಜಿನಿಂದ ಪುಟ್ಟ ಬಾಟಲಿಗೆ ತುಂಬುವುದು ಏತಕ್ಕೆ? ಅಮೆರಿಕದ ವಿಡಿಯೊ ನೋಡಿ ಕಲಿತವರಿಗೆ ಅಲ್ಲಿಯ ಕಟ್ಟಳೆ ಬಾಯಿಪಾಠ, ಇಲ್ಲಿಯದು ಗೊತ್ತಿಲ್ಲ. ಅಲ್ಲಿ ಸಾದಾ ಲೈಟರೊಂದನ್ನು ಕಿಸೆಯಲ್ಲಿ ಒಯ್ಯಬಹುದು, ಇಲ್ಲಿ ಲೈಟರ್ ಪೂರಾ ನಿಷಿದ್ಧ. ಅಂಟಿನುಂಡೆ ಕಟ್ಟಲೆಂದು ಮಗಳಿಗೆ ಒಯ್ಯುವ ಒಣಕೊಬ್ಬರಿಯನ್ನು, ಎಣ್ಣೆಯಂಶದಿಂದ ತಾನಾಗಿ ಕಾಯುವ ಪದಾರ್ಥವೆಂದು, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ.

ಆದರೆ ನನಗೆ ನಿಜವಾಗಿ ಸಿಟ್ಟು ಬರುವುದು ಗುಳಿಗೆಯ ವಿಷಯದಲ್ಲಿ. ಧಾರವಾಡದ ಸಪ್ತಾಪುರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಒಂದು ಓಣಿ ಹಿಡಿದು ನಡೆದರೆ, ಮಗ ಅಥವಾ ಮಗಳು ಹೊರದೇಶದಲ್ಲಿರುವ ಮನೆಗಳು ಎಷ್ಟೋ. ತಂದೆತಾಯಿ ಬಾಣಂತನಕ್ಕೆಂದು, ಮೊಮ್ಮಗುವಿನ ಹುಟ್ಟುಹಬ್ಬಕ್ಕೆಂದು ಹೊರಡುತ್ತಾರೆ. ಹೊರಡುವ ಮುಂಚೆ ಕೊರಿಯರಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಬರುತ್ತದೆ: ಏಳು ಖಾನೆ, ಪ್ರತಿ ಖಾನೆಯ ಮೇಲೆ ವಾರದ ಹೆಸರು. ಸ್ಟ್ರಿಪ್ಪಿನಿಂದ ಗುಳಿಗೆ ಬಿಡಿಸಿ ಖಾನೆಗೆ ತುಂಬಬೇಕು. ಕಣ್ಣಿಗೆ ಬಲು ಚೆಂದ. ಪರಿಣಾಮ ನೋಡಿ. ಬಿಡಿಸಿದ ಗುಳಿಗೆಗೆ ಹೆಸರಿಲ್ಲ, ಅವಧಿಯಿಲ್ಲ. ಟೆಲ್ಮಿಸಾರ್ಟನ್ನೂ ಬಿಳಿ, ಮೆಟ್‌ಫಾರ್ಮಿನ್ನೂ ಬಿಳಿ. ವಿಮಾನದಲ್ಲಿ ಹಿರಿಯರಿಗೆ ತಲೆ ತಿರುಗಿ, ಯಾರಾದರೂ ಡಾಕ್ಟರು ಇದ್ದೀರಾ ಎಂದು ಕೂಗಿ, ಅಲ್ಲೊಬ್ಬರು ಡಾಕ್ಟರು ಎದ್ದು ಬಂದರೂ ಕೈಯಲ್ಲಿ ಹಿಡಿಯುವುದು ಹೆಸರಿಲ್ಲದ ಬಿಳಿ ಗುಳಿಗೆಗಳನ್ನು. ನಮ್ಮ ಕಂಪನಿಯ ಹೆಸರು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾದ ಮೂಲ ಔಷಧದ ಹೆಸರೊಂದೇ ಜಗತ್ತಿಗೆಲ್ಲ ಅರ್ಥವಾಗುವುದು. ಅದನ್ನೇ ಹರಿದು ಕಸದ ಬುಟ್ಟಿಗೆ ಹಾಕಿ ಬಂದಿರುತ್ತಾರೆ.

ವಾರದ ಹೆಸರಿನದು ಬೇರೆಯೇ ಪ್ರಹಸನ. ಪಶ್ಚಿಮಕ್ಕೆ ಹಾರುವವರಿಗೆ ದಿನ ಉದ್ದವಾಗುತ್ತದೆ. ಬೇಸಿಗೆಯಲ್ಲಿ ನ್ಯೂಯಾರ್ಕು ನಮಗಿಂತ ಒಂಬತ್ತೂವರೆ ತಾಸು ಹಿಂದೆ. ಮಂಗಳವಾರ ಮುಂಜಾನೆ ಹೊರಟವರು ಎರಡು ವಿಮಾನ ಬದಲಿಸಿ, ಮೂರು ಊಟ ಮಾಡಿ, ಒಂದು ನಿದ್ದೆ ತೆಗೆದು ಇಳಿದರೂ ಅಲ್ಲಿನ್ನೂ ಮಂಗಳವಾರ ಮುಗಿದಿರುವುದಿಲ್ಲ. ಖಾನೆ ಮಾತ್ರ ಖಾಲಿ. ಬುಧವಾರದ ಖಾನೆ ತೆರೆಯಬೇಕೋ ಬೇಡವೋ ಎಂದು ತಾಯಿ ಮಗಳಿಗೆ ಫೋನು ಹಚ್ಚುತ್ತಾರೆ. ಇನ್ಸುಲಿನ್ ಹಾಕಿಕೊಳ್ಳುವವರ ಪಾಡು ಇನ್ನೂ ಸೂಕ್ಷ್ಮ: ಸಾಮಾನಿನ ಕೋಣೆಯ ಥಂಡಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಆದ್ದರಿಂದ ಅದು ಕೈಯಲ್ಲೇ ಇರಬೇಕು, ಡಾಕ್ಟರ ಚೀಟಿಯ ಜೊತೆಗೇ ಇರಬೇಕು. ವಿಂಗಡಣೆಯ ಪಂಡಿತರು ಏನು ಮಾಡುತ್ತಾರೆ? ಇನ್ಸುಲಿನ್ ಔಷಧದ ಪೌಚಿಗೆ, ಚೀಟಿ ಕಾಗದದ ಪೌಚಿಗೆ! ಕೂಡಿ ಇರಬೇಕಾದವನ್ನು ಬೇರೆ ಮಾಡುವುದು, ಬೇರೆ ಇರಬೇಕಾದವನ್ನು ಕೂಡಿಸುವುದು, ಈ ಪದ್ಧತಿಯ ಗುಣವೇ ಇದು. ಇವತ್ತು ನುಂಗುವ ಗುಳಿಗೆಯೂ ತಿಂಗಳ ನಂತರದ ಗುಳಿಗೆಯೂ ಒಂದೇ ಪೌಚಿನಲ್ಲಿರುತ್ತವೆ, ಏಕೆಂದರೆ ಎರಡೂ ಗುಳಿಗೆ.

ಎರಡು ದಿನಕ್ಕೆ ಬೇಕಾದಷ್ಟು ಗುಳಿಗೆ, ಕತ್ತರಿಸದ ಸ್ಟ್ರಿಪ್ಪಿನಲ್ಲಿ, ಡಾಕ್ಟರ ಚೀಟಿ ಸುತ್ತಿ, ಕೈಗೆ ಸಿಗುವಲ್ಲಿರಲಿ. ಮಿಕ್ಕದ್ದು ಎಲ್ಲಿದ್ದರೂ ನಡೆದೀತು.

ವಿಂಗಡಣೆಯೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಕ್ಯಾಮೆರಾದವರಿಗೆ ಲೆನ್ಸಿನ ಖಾನೆ ಬೇಕು, ಕೂಸಿನ ತಾಯಿಗೆ ಕೂಸಿನ ಸಾಮಾನು ಬೇರೆ ಬೇಕು. ನನ್ನ ತಕರಾರು ವಿಂಗಡಣೆಯ ಆಧಾರದ್ದು. ನಮ್ಮ ಕಡೆಯ ಅಜ್ಜಿಯರ ಸೊಂಟದಲ್ಲಿದ್ದ ಚಂಚಿಯನ್ನು ನೋಡಿದವರು ಇನ್ನೂ ಇದ್ದಾರೆ. ಬಟ್ಟೆಯ ಚೀಲ, ಒಂದರೊಳಗೊಂದು ಮೂರೋ ನಾಲ್ಕೋ ಪದರ, ಬಾಯಿಗೆ ದಾರ. ಒಂದು ಪದರದಲ್ಲಿ ಎಲೆ, ಒಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ, ತಂಬಾಕು, ಅದರ ಸಂದಿಯಲ್ಲೇ ಮಡಿಚಿದ ನೋಟು, ಬಸ್ಸಿನ ಚಿಲ್ಲರೆ. ಅಲ್ಲಿ ಲೋಹವೆಲ್ಲ ಒಂದು ಕಡೆ, ಎಲೆಯೆಲ್ಲ ಒಂದು ಕಡೆ ಎಂಬ ಶಾಸ್ತ್ರವಿಲ್ಲ. ಕೈ ಯಾವ ಕ್ರಮದಲ್ಲಿ ಹೋಗುತ್ತದೋ ಆ ಕ್ರಮದಲ್ಲಿ ಪದರ. ಕತ್ತಲಲ್ಲಿ, ಕಣ್ಣು ಮುಚ್ಚಿ, ಮಾತಾಡುತ್ತಲೇ ಅಜ್ಜಿ ಎಲೆ ಮಡಿಚುತ್ತಿದ್ದಳು. ಚಂಚಿ ಮೈಗೆ ಕಟ್ಟಿರುತ್ತಿತ್ತು, ಎಲ್ಲೂ ಇಟ್ಟು ಮರೆಯುವ ಪ್ರಶ್ನೆಯೇ ಇರಲಿಲ್ಲ. ಇವತ್ತಿನ ತಪಾಸಣೆಯಲ್ಲಿ ಅಜ್ಜಿಯ ಅಡಕೊತ್ತನ್ನು ಕಸಿದುಕೊಂಡಾರು, ಅದು ಬೇರೆ ಮಾತು. ಚಂಚಿಯ ಬುದ್ಧಿಯನ್ನು ಯಾವ ಎಕ್ಸ್-ರೇಯೂ ಹಿಡಿಯುವುದಿಲ್ಲ.

ಅದೇ ಬುದ್ಧಿಯನ್ನು ವಿಮಾನಕ್ಕೆ ಹಚ್ಚಿದರೆ ಜಾಗ ಮೂರೇ: ಮೈಮೇಲೆ, ಕಾಲಬುಡಕ್ಕೆ, ತಲೆಮೇಲೆ. ಕಳೆದರೆ ಪ್ರಯಾಣವೇ ನಿಲ್ಲುವಂಥದ್ದು ಮೈಮೇಲೆ: ಪಾಸ್‌ಪೋರ್ಟು ಅಥವಾ ಗುರುತಿನ ಚೀಟಿ, ಫೋನು, ಒಂದು ಕಾರ್ಡು, ಸ್ವಲ್ಪ ರೊಕ್ಕ, ಮನೆಯ ಕೀಲಿಕೈ. ಹಾರುವಾಗ ಬೇಕಾಗುವುದು ಮತ್ತು ಅಗಲಬಾರದ್ದು ಕಾಲಬುಡದ ಒಂದು ಪುಟ್ಟ ಚೀಲದಲ್ಲಿ: ಚಾಳೀಸು, ಗುಳಿಗೆ, ಪವರ್ ಬ್ಯಾಂಕು, ಬಂಗಾರವಿದ್ದರೆ ಬಂಗಾರ. ಉಳಿದದ್ದು ತಲೆಮೇಲೆ ಹೋಗಲಿ, ಸಾಮಾನಿನ ಕೋಣೆಗೆ ಹೋಗಲಿ, ಅದರೊಳಗೆ ಎಷ್ಟು ಪೌಚು ಇರುತ್ತವೋ ಇರಲಿ, ನನ್ನದೇನೂ ಗಂಟು ಹೋಗುವುದಿಲ್ಲ. ವಿಮಾನದ ಬುಡದಲ್ಲಿ ಟ್ರಾಲಿ ಕೇಳಿದರೆ ತೆರೆಯದೆ ಕೊಟ್ಟುಬಿಡಬಹುದು.

ಮೈಮೇಲೆ ಎಂದೆ. ಇಲ್ಲಿ ಅರ್ಧ ಜನ ನನ್ನನ್ನು ತಡೆಯುತ್ತಾರೆ, ತಡೆಯಲೇಬೇಕು. ಗಂಡಸರ ಪ್ಯಾಂಟಿಗೆ ನಾಲ್ಕು ಕಿಸೆ, ಅಂಗಿಗೊಂದು. ಅಮರಗೋಳದ ಎಪಿಎಂಸಿಗೆ ಹತ್ತಿ, ಮೆಣಸಿನಕಾಯಿ ಮಾರಲು ಬರುವ ರೈತರ ಅಂಗಿಯೊಳಗಿನ ಬಂಡಿಗೆ ಎದೆಯ ಹತ್ತಿರ ಒಂದು ಕಳ್ಳಗಿಸೆ. ಇಡೀ ಫಸಲಿನ ರೊಕ್ಕ ಅಲ್ಲಿ ಕೂತು ಊರು ಸೇರುತ್ತದೆ. ಹೆಂಗಸರಿಗೆ? ಸಿದ್ಧ ಉಡುಪಿನ ಚೂಡಿದಾರಿಗೆ ಕಿಸೆಯಿಲ್ಲ, ಲೆಗ್ಗಿಂಗ್ಸಿಗಿಲ್ಲ, ಜೀನ್ಸಿಗೆ ಇದ್ದರೂ ಎರಡು ಬೆರಳು ಹೋಗದಷ್ಟು ಆಳ. ಹಿಂದೆ ಸೀರೆಯ ಉಡಿಯಾದರೂ ಇತ್ತು, ಸೊಂಟಕ್ಕೆ ಚಂಚಿಯಿತ್ತು. ಅವೆರಡನ್ನೂ ಕಸಿದ ಫ್ಯಾಶನ್ನು ಬದಲಿಗೆ ಕೊಟ್ಟದ್ದು ಹೆಗಲಿನಿಂದ ಜಾರುವ, ಟ್ರೇಯಲ್ಲಿ ಬಿಟ್ಟುಹೋಗುವ, ಎದುರು ಸೀಟಿನಡಿಗೆ ಉರುಳುವ ಪರ್ಸು. ಮೊದಲು ಕಿಸೆ ಕಸಿಯುವುದು, ಆಮೇಲೆ ಕಿಸೆಯ ಬದಲಿಗೆ ಹತ್ತು ಪೌಚು ಮಾರುವುದು. ಮಾರುವವರಿಗೆ ಎರಡೂ ಕಡೆ ಲಾಭ, ಮತ್ತು ಅದನ್ನು ನಾವು ಅಚ್ಚುಕಟ್ಟು ಎಂದು ಹೊಗಳುತ್ತೇವೆ. ಪೌಚಿನ ವ್ಯಾಪಾರ ನಿಂತಿರುವುದು ಕಿಸೆಯಿಲ್ಲದ ಬಟ್ಟೆಯ ಮೇಲೆ ಎಂದರೆ ದೊಡ್ಡ ಮಾತಾಗಲಾರದು.

ದುರ್ಗದಬೈಲಿನ ಸುತ್ತಮುತ್ತ, ಧಾರವಾಡದ ಸುಭಾಸ ರಸ್ತೆಯ ಸಂದಿಗಳಲ್ಲಿ ಹೊಲಿಗೆಯವರು ಇನ್ನೂ ಇದ್ದಾರೆ. ಚೂಡಿದಾರಿನ ಅಡ್ಡಹೊಲಿಗೆ ಬಿಚ್ಚಿ, ಗೇಣುದ್ದದ ಅಸ್ತರಿನ ತುಂಡು ಇಟ್ಟು, ಬಾಯಿಗೊಂದು ಜಿಪ್ಪು ಹಾಕಿ ಹೊಲಿಯುವುದು ಅವರಿಗೆ ಅರ್ಧ ತಾಸಿನ ಕೆಲಸ. ಹೊಲಿಸುವಾಗ ಕೇಳದಿದ್ದರೆ ಅವರಾಗಿ ಇಡುವುದಿಲ್ಲ, ಅದು ವಾಡಿಕೆ. ಮುಂದಿನ ಸಲ ಟಿಕೆಟ್ಟು ತೆಗೆಸಿದಾಗ ಆರ್ಗನೈಸರ್ ತರಿಸುವ ಮುಂಚೆ ಅವರ ಹತ್ತಿರ ಹೋಗಿರಿ. ಪಾಸ್‌ಪೋರ್ಟು, ಫೋನು ಎರಡೂ ಜೊತೆಗೆ ಒಯ್ದು, ಅಳತೆ ಕೊಟ್ಟು, ಎರಡೂ ಪೂರ್ತಿ ಒಳಗೆ ಹೋಗುವಷ್ಟು ಆಳದ ಕಿಸೆ ಇಡಿಸಿಕೊಳ್ಳಿರಿ.